ನೀರಡಿಸಿದಾಕಿಯ ಹಾಡು

ನಾನು ಒಂದು ಕ್ಯಾಸೆಟ್. ಗದಗದ ಒಂದು ರೆಕಾರ್ಡಿಂಗ್ ಅಂಗಡಿಯಲ್ಲಿ ನನ್ನೊಳಗೆ ಹಾಡು ತುಂಬಿದರು. ಅದಕ್ಕೂ ಮೊದಲು ನಾನು ಬರೀ ಕಂದು ಪಟ್ಟಿ, ಹೇಳಿಕೊಳ್ಳಲು ಏನೂ ಇರಲಿಲ್ಲ. ತುಂಬಿಸಿಕೊಂಡವನು ಗುರುಸಿದ್ದ, ಲಕ್ಷ್ಮೇಶ್ವರಕ್ಕೆ ಟೆಂಪೊ ಓಡಿಸುವವನು. ಎಲ್ಲ ಹಾಡುಗಳಲ್ಲಿ ಅವನಿಗೆ ಬೇಕಾದದ್ದು ಒಂದೇ, ಒಂದು ಹೆಣ್ಣುದನಿಯ ಹಾಡು:

ಹೆಸರು ಹೇಳಬ್ಯಾಡ, ಊರು ಹೇಳಬ್ಯಾಡ, ಹಾದಿ ಹೋಗಾಂವ,
ನನ್ನ ಕೊಡದ ನೀರ ಕುಡದು ಹೋಗೊ, ನೀರಡಿಸಿದಾಕಿ ನಾ.

ಅದರಲ್ಲಿ ಗಂಡಸಿನ ಕಣ್ಣು, ಮೀಸೆ ಯಾವುದರ ವರ್ಣನೆಯೂ ಇಲ್ಲ. ಬಾಗಿಲ ಮುಂದೆ ಒಬ್ಬ ಹಾದುಹೋಗುತ್ತಾನೆ, ಅಷ್ಟೆ. ಅವನ ಹೆಜ್ಜೆ ಅಳಿಸೀತೆಂದು ಹಾಡಿನ ಹೆಣ್ಣು ಅಂಗಳ ಗುಡಿಸುವುದಿಲ್ಲ. ನಿಲ್ಲು ಎಂದು ಮಾತ್ರ ಒಮ್ಮೆಯೂ ಅನ್ನುವುದಿಲ್ಲ. ಆ ಅನ್ನದೆ ಉಳಿದ ಮಾತೇ ನನ್ನ ಪಟ್ಟಿಗೆ ಭಾರ.

ದಾರಿಯ ಕ್ರಾಸಿನಲ್ಲಿ ಫಕೀರವ್ವನ ಹೊಲಿಗೆ ಅಂಗಡಿಯಿತ್ತು. ಟೆಂಪೊ ಅಲ್ಲಿ ನಿಂತಾಗ ಸರಿಯಾಗಿ ಇದೇ ಸಾಲು ಬರಲೆಂದು ಗುರುಸಿದ್ದ ನನ್ನನ್ನು ಹಿಂದೆ ಮುಂದೆ ಓಡಿಸುತ್ತಿದ್ದ. ಅವಳೊಡನೆ ಮಾತಾಡುವ ಧೈರ್ಯ ಅವನಿಗಿರಲಿಲ್ಲ. ಹಾಡೇ ಮಾತಾಡಲಿ ಎಂದು ಕಾದ.

"ಗುರಣ್ಣಾ, ಈ ಟೇಪ್ ಹರದ ಮ್ಯಾಲಾದ್ರೂ ಬಾಯಿ ತಗೀತಿ ಏನ?" ಎಂದು ಕ್ಲೀನರ್ ಮಾಬುಸಾಬ ಕೆಣಕುತ್ತಿದ್ದ.

ಒಂದು ಮಧ್ಯಾಹ್ನ ಫಕೀರವ್ವ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಎದ್ದು ಬಂದಳು.

"ಏನ್ರೀ ಡ್ರೈವರ್, ಹಾದು ಹೋಗಾಂವ ನೀವು, ಕುಂತು ನೋಡಾಕಿ ನಾನು. ಅಂದಮ್ಯಾಲೆ ಇದು ನಾ ಹಾಡಬೇಕಾದ ಹಾಡು. ನಾ ಅನ್ನೂಕಿಂತ ಮೊದಲ ನೀವ ತುಂಬಿಸಿಕೊಂಡು ಬಂದೀರೇನು?"

ಟೆಂಪೊದೊಳಗೆಲ್ಲ ನಗು. ಗುರುಸಿದ್ದನಿಗೆ ಇದು ಹೊಳೆದೇ ಇರಲಿಲ್ಲ.

"ಬಂದ್ ಮಾಡ್ತೀನ್ರಿ."

"ಬಂದ್ ಯಾಕ? ಇಲ್ಲಿ ಕೊಡ್ರಿ. ದಿನಾ ಎರಡ ಸಾಲು ಕೇಳಿ ಸಾಕಾಗೇತಿ, ಪೂರಾ ಕೇಳತೇನಿ."

ಅಂಗಡಿಯ ಸಣ್ಣ ಟೇಪ್‌ರೆಕಾರ್ಡರಿನಲ್ಲಿ ಅವಳು ನನ್ನನ್ನು ಕೊನೆಯವರೆಗೂ ಕೇಳಿದಳು. ಕೊನೆಯಲ್ಲಿ ಯಾರೂ ನಿಲ್ಲುವುದಿಲ್ಲ. ತುಂಬಿದ ಕೊಡವನ್ನು ಹೆಣ್ಣು ಒಳಗೆ ಒಯ್ಯುತ್ತಾಳೆ. ಫಕೀರವ್ವನ ಕಾಲು ಮಷಿನ್ ತುಳಿಯುವುದನ್ನು ನಿಲ್ಲಿಸಿತ್ತು.

"ಅಯ್ಯ ಹುಚ್ಚಿ, ನಿಲ್ಲು ಅಂತ ಒಂದು ಮಾತು ಕೂಗಬಾರದಿತ್ತ?" ಎಂದು ನನ್ನನ್ನೇ ಬೈದಳು.

ಮರುದಿನ ಟೆಂಪೊ ಹಾಡಿಲ್ಲದೆ ಬಂದು ನಿಂತಿತು. ಎಲ್ಲ ಮುಗಿಯಿತೆಂಬಂತೆ ಗುರುಸಿದ್ದ ರಸ್ತೆಯನ್ನೇ ನೋಡುತ್ತ ಕುಳಿತಿದ್ದ. ಫಕೀರವ್ವ ತಂಬಿಗೆ ಹಿಡಿದು ಹೋದಳು.

"ನೀರು ಕುಡೀರಿ. ಹೆಸರೇನು?"

ಅಂಗಿಯ ಮೇಲೆಲ್ಲ ನೀರು ಚೆಲ್ಲಿಕೊಂಡು ಅವನು ಹೆಸರು, ಊರು ಎರಡನ್ನೂ ಒಂದೇ ಉಸಿರಿಗೆ ಹೇಳಿದ.

ಮದುವೆಯಾಯಿತು. ಮೊದಮೊದಲು ಇಬ್ಬರೂ ನನ್ನನ್ನು ಹಚ್ಚುತ್ತಿದ್ದರು. ಆಮೇಲೆ ಜಗಳವಾದಾಗ ಮಾತ್ರ. ಆಮೇಲೆ ಮೊಬೈಲ್ ಬಂತು, ನನಗೆ ಬೂಸ್ಟು ಹಿಡಿಯಿತು. ಈ ಹಿಂಗಾರಿಗೆ ಫಕೀರವ್ವ ನನ್ನ ಪಟ್ಟಿಯನ್ನು ಎಳೆದು, ರಸ್ತೆ ಪಕ್ಕದ ತಮ್ಮ ಜೋಳದ ಹೊಲಕ್ಕೆ ಹಕ್ಕಿ ಬೆದರಲೆಂದು ಕಟ್ಟಿಸಿದಳು.

"ಅದರಾಗ ನಮ್ಮ ಹಾಡಿತ್ತಲ್ಲ," ಎಂದ ಗುರುಸಿದ್ದ.

"ನಮ್ಮ ಕೆಲಸ ಆತಲ್ಲ, ಈಗ ತೆನಿ ಕಾಯಲಿ."

ಗಾಳಿ ಬಂದಾಗ ನಾನು ಗುಂಯ್ ಅನ್ನುತ್ತೇನೆ. ಸಾಲುಗಳು ಮರೆತುಹೋಗಿವೆ. ರಸ್ತೆಯಲ್ಲಿ ಹೋಗುವ ಯಾರೋ ಒಮ್ಮೊಮ್ಮೆ ನಿಂತು, ಸದ್ದು ಎಲ್ಲಿಂದ ಬಂತೆಂದು ಹೊಲದತ್ತ ನೋಡಿ, ಮುಂದೆ ಹೋಗುತ್ತಾರೆ. ಕೂಗಿ ಹೆಸರು ಕೇಳೋಣವೆಂದರೆ, ನನಗೆ ಈಗ ಮಾತಿಲ್ಲ.