ಕ್ರಿಯಾಪದದ ಪರವಾಗಿ ಸಾಕ್ಷಿ

ಎದುರಿಗೆ ಕೂತಿರುವುದು ಭಿಕ್ಷುವೋ, ಬೀಗರೋ, ಬೀದಿನಾಯಿಯೋ ಎಂದು ಒಮ್ಮೆ ದಿಟ್ಟಿಸಿ ನೋಡಿ, ಅವರವರ ಯೋಗ್ಯತೆಗೆ ತಕ್ಕ ಕ್ರಿಯಾಪದ ನಾಲಿಗೆಗೆ ಬರುವವರೆಗೂ ತಟ್ಟೆಯನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಿದ್ದವರು ನಮ್ಮ ಟೀಚರಮ್ಮ ಕೇವ್ ಸಾರೀಮ್. ಅನ್ನ ಆರಿದರೆ ಆರಲಿ, ವ್ಯಾಕರಣ ಕೆಡಬಾರದು. ನಮ್ಮ ಖ್ಮೇರ್ ಭಾಷೆಯಲ್ಲಿ ಉಣ್ಣುವುದಕ್ಕೆ ಇರುವ ಮಾತು ಒಂದೆರಡಲ್ಲ. ರಾಜರು ಆರೋಗಿಸುವುದಕ್ಕೆ ಒಂದು, ಭಿಕ್ಷುಗಳು ಸ್ವೀಕರಿಸುವುದಕ್ಕೆ ಒಂದು, ಗೆಳೆಯರು ತಿನ್ನುವುದಕ್ಕೆ ಒಂದು, ದನ ಮೇಯುವುದಕ್ಕೆ ಇನ್ನೊಂದು. ಹಿರಿಯರನ್ನು ಕೈಮುಗಿದು ಊಟಕ್ಕೆ ಕೂರಿಸುವಾಗ ಹೇಳುವ 'ಪೀಸಾ' ಎಂಬ ಮಾತಂತೂ ಟೀಚರಮ್ಮನ ಬಾಯಲ್ಲಿ ಮಂತ್ರದಷ್ಟೇ ಶುದ್ಧವಾಗಿ ಹೊರಬರುತ್ತಿತ್ತು. ಅದನ್ನು ಕೇಳಿದ ಮೇಲೆ ಹಸಿವಿಲ್ಲದವನೂ ಕೂರಲೇಬೇಕು.

ಇಸ್ತ್ರಿ ಮಾಡಿದ ಬಿಳಿ ರವಿಕೆ, ಹೆಗಲಮೇಲೆ ಮಡಿಕೆ ಮುರಿಯದ ಚೌಕಳಿ ವಸ್ತ್ರ, ಬೆತ್ತದ ಬದಲಿಗೆ ಮಡಚಿದ ಕೊಡೆ. ತಾಕೇವ್ ಪಟ್ಟಣದ ಕೆರೆದಂಡೆಯ ರಸ್ತೆಯಲ್ಲಿ ಅವರು ನಟ್ಟನಡುವೆಯೇ ನಡೆಯುತ್ತಿದ್ದರು. ಬೈಕುಗಳು ಅವರನ್ನು ಬಳಸಿಕೊಂಡು ಹೋಗುತ್ತಿದ್ದವು. ಬೈಯುವಾಗಲೂ ಬಹುವಚನ ಬಿಟ್ಟವರಲ್ಲ. "ತಾವು ಶುದ್ಧ ಕತ್ತೆಯಾಗಿದ್ದೀರಿ" ಎಂದು ನಾನು ಏಳನೆಯ ವಯಸ್ಸಿನಲ್ಲೇ ಅವರಿಂದ ಅನ್ನಿಸಿಕೊಂಡಿದ್ದೇನೆ. ಮುಂದೆ ಅದೇ ಶಾಲೆಯಲ್ಲಿ ನಾನೂ ಮೇಷ್ಟ್ರಾದೆ, ಅವರ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದೆ. ಆದರೂ ನನ್ನ ಕತ್ತೆತನದ ಬಗ್ಗೆ ಅವರು ತೀರ್ಪು ಬದಲಿಸಿದ ಹಾಗೆ ಕಾಣಲಿಲ್ಲ.

ಒಮ್ಮೆ ಮೀನು ಮಾರುವ ಸಾಂಬೊ ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಟೀಚರಮ್ಮಾ, ನಿಮ್ ಬೆಕ್ಕು ನನ್ ಬುಟ್ಟೀಲಿದ್ದ ಮೀನನ್ನ ಸ್ವೀಕರಿಸಿಬಿಡ್ತು ನೋಡ್ರಮ್ಮಾ!"

"ಕದ್ದಿದ್ದಕ್ಕೆ ಸ್ವೀಕರಿಸೋದು ಅನ್ನಬಾರದು ಸಾಂಬೊ, ಮುಕ್ಕೋದು ಅನ್ನಬೇಕು" ಎಂದರು ಟೀಚರಮ್ಮ. "ಬುಟ್ಟಿಗೆ ಬಾಯಿ ಹಾಕೋವರೆಗೆ ಅದು ನನ್ನ ಬೆಕ್ಕು. ಆಮೇಲೆ ಬರೀ ಕಳ್ಳ."

ಇಂಥವರನ್ನು ಮದುವೆಯಾದ ಪುಣ್ಯಾತ್ಮನ ಹೆಸರು ತೂಚ್. ತೂಚ್ ಎಂದರೆ ಚಿಕ್ಕವನು. ಆಳು ಮಾತ್ರ ಬಾಗಿಲು ತುಂಬುವಷ್ಟಿದ್ದನಂತೆ. ಎತ್ತಿನಗಾಡಿ ಹೊಡೆಯುವವನು, ಎತ್ತಿಗೂ ಮಾವನಿಗೂ ಒಂದೇ ಕ್ರಿಯಾಪದ ಬಳಸುವವನು. ಮದುವೆಯ ಊಟದಲ್ಲೇ ಟೀಚರಮ್ಮನ ಅಪ್ಪನಿಗೆ "ಮೇಯಿರಿ ಮಾವಾ, ನಾಚ್ಕೋಬೇಡಿ" ಅಂದಿದ್ದನಂತೆ. ಅವತ್ತೇ ಶುರುವಾಯಿತು ಪಾಠ. ತಪ್ಪು ಮಾತಾಡಿದ ದಿನ ಅವನ ತಟ್ಟೆಗೆ ಸಾರು ಬೀಳುತ್ತಿರಲಿಲ್ಲ. ಹಲವು ವರ್ಷ ಬರಿಯ ಅನ್ನ ನುಂಗಿ ಕೊನೆಗೂ ಅವನ ನಾಲಿಗೆ ಪಳಗಿತು; ಪಳಗಿದ ಮೇಲೆ ನಿದ್ದೆಗಣ್ಣಿನಲ್ಲೂ ಹಿರಿಯರಿಗೆ 'ಪೀಸಾ' ಎನ್ನುವಂತಾದ.

ಅಷ್ಟರಲ್ಲಿ ಸರ್ವಾಧಿಕಾರಿ ಪೊಲ್ ಪೊಟ್ ಕಾಲ ಬಂತು. ಎಲ್ಲರೂ ಸಮಾನರು, ಆದ್ದರಿಂದ ಎಲ್ಲರೂ ಒಂದೇ ಮಾತಿನಲ್ಲಿ ಉಣ್ಣಬೇಕು ಎಂದು ಅಪ್ಪಣೆಯಾಯಿತು: 'ಹೋಪ್', ಹೊಲದ ಬದುವಿನ ಒರಟು ಮಾತು. ಉಣ್ಣಲು ಗಂಜಿನೀರು ಬಿಟ್ಟರೆ ಏನೂ ಇರಲಿಲ್ಲ, ಕ್ರಿಯಾಪದ ಮಾತ್ರ ಕಡ್ಡಾಯ. ಸಾಮೂಹಿಕ ಊಟದ ಚಪ್ಪರದಲ್ಲಿ ಒಂದು ದಿನ ತೂಚ್ ತನ್ನ ಪಕ್ಕ ಕೂತ ಮುದುಕನೊಬ್ಬನ ಕಡೆಗೆ ಬಟ್ಟಲು ಸರಿಸುತ್ತಾ, ಅಭ್ಯಾಸಬಲದಿಂದ, "ಪೀಸಾ, ತಾತಾ" ಎಂದುಬಿಟ್ಟ. ಮೇಲ್ವಿಚಾರಕನ ಕಿವಿಗೆ ಬಿತ್ತು. ಹಳೆಯ ದೊರೆಗಳ ನಾಲಿಗೆ ಎಂದು ಹೇಳಿ, 'ಪಾಠಕ್ಕೆ' ಎಂದು ಕರೆದುಕೊಂಡು ಹೋದರು. ಆ ಪಾಠದಿಂದ ಯಾರೂ ವಾಪಸು ಬರುತ್ತಿರಲಿಲ್ಲ.

ಎಷ್ಟೋ ವರ್ಷಗಳ ನಂತರ, ರಾಜಧಾನಿಯ ಹೊರಗೆ, ನಮ್ಮವರೂ ಪರದೇಶದವರೂ ಒಟ್ಟಿಗೆ ಕೂತು ಆ ಕಾಲದ ದೊಡ್ಡವರನ್ನು ವಿಚಾರಿಸುವ ನ್ಯಾಯಾಲಯ ಶುರುವಾದಾಗ ಟೀಚರಮ್ಮನಿಗೂ ಕರೆ ಬಂತು. ಅವರಿಗೆ ಪರಿಹಾರ ಬೇಕಿರಲಿಲ್ಲ. ಶಿಕ್ಷೆ ಎಷ್ಟಾದೀತು ಎಂಬ ಕುತೂಹಲವೂ ಇರಲಿಲ್ಲ. ತೂಚ್ ಯಾವ ಮಾತಿಗಾಗಿ ಸತ್ತ ಎಂಬುದು ನ್ಯಾಯಾಲಯದ ಬರಹದಲ್ಲಿ ತಪ್ಪಿಲ್ಲದೆ ದಾಖಲಾಗಬೇಕು, ಅಷ್ಟೆ. ನಾನೂ ಊರಿನ ಕೆಲವರೂ ಜೊತೆಗೆ ಹೊರಟೆವು; ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅದನ್ನೇ ಹೇಳಿದರು. ಆರೋಪಿಯನ್ನು 'ಅವರು' ಎಂದೇ ಕರೆಯುತ್ತಿದ್ದುದನ್ನು ಕೇಳಿ ಹಿಂದಿನ ಸೀಟಿನವನು ರೇಗಿದ: "ಕೊಲೆಗಾರನಿಗೆಂಥ ಮರ್ಯಾದೆ ಅಜ್ಜೀ?"

"ಕೊಲೆ ಮಾಡಿದ್ರೆ ವಯಸ್ಸು ಕಮ್ಮಿ ಆಗುತ್ತೇನಪ್ಪಾ? ಅವರಿಗೂ ಎಂಬತ್ತಾಗಿದೆ" ಎಂದರು.

ಸುಳ್ಳು ಹೇಳಿದರೆ ಹಾವು ಕಚ್ಚಲಿ, ಹುಲಿ ಹಿಡಿಯಲಿ ಎಂದು ನ್ಯಾಯಾಲಯದ ಅಂಗಳದಲ್ಲಿ, ಕಬ್ಬಿಣದ ಗದೆ ಹಿಡಿದ ನಮ್ಮ ಅಜ್ಜಯ್ಯ ದೇವರ ಮುಂದೆ, ಪ್ರಮಾಣ ಮಾಡಿಸಿದರು. "ಹುಲಿಗೆ ಹಾಕಿದ ಕ್ರಿಯಾಪದ ಸರಿಯಾಗಿದೆ" ಎಂದು ಮೆಚ್ಚಿಕೊಂಡೇ ಟೀಚರಮ್ಮ ಪ್ರಮಾಣ ಮಾಡಿದರು. ಒಳಗೆ ಹೋದ ಮೇಲೆ ಇನ್ನೊಂದು ರಗಳೆ. ಮೈಕಿನ ಕೆಂಪು ದೀಪ ಹೊತ್ತಿಕೊಂಡ ಮೇಲೆಯೇ ಮಾತಾಡಬೇಕೆಂದು ಮುಖ್ಯ ನ್ಯಾಯಾಧೀಶರು ಎರಡೆರಡು ಸಲ ಹೇಳಿದರು; ಟೀಚರಮ್ಮ ದೀಪವನ್ನೇ ಬೈದರು: "ಹೊತ್ಕೊಳ್ಳಿ ಬೇಗ, ತಮ್ಮನ್ನ ಕಾಯ್ತಾ ಕೂತ್ರೆ ಹೇಳ್ಬೇಕಾದ್ದೇ ಮರ್ತುಹೋಗುತ್ತೆ." ಗಾಜಿನ ಗೋಡೆಯ ಈಚೆ, ಅನುವಾದ ಕೇಳಿಸುವ ಯಂತ್ರ ಕಿವಿಗೆ ಸಿಕ್ಕಿಸಿಕೊಂಡು ನೋಡಲು ಕೂತ ನಾವೆಲ್ಲ ನಕ್ಕೆವು.

ಆರೋಪಿಯ ಪರ ವಕೀಲ ಎತ್ತರದ ಬಿಳಿಯ, ಸಭ್ಯ ಮನುಷ್ಯ. ಗಂಡನನ್ನು ಯಾಕೆ ಕರೆದೊಯ್ದರು ಎಂದು ಕೇಳಿದ. ಹಿರಿಯನೊಬ್ಬನಿಗೆ 'ಪೀಸಾ' ಅಂದದ್ದಕ್ಕೆ ಎಂದರು ಟೀಚರಮ್ಮ. ನನ್ನ ಒಂದು ಕಿವಿಯಲ್ಲಿ ಇಂಗ್ಲಿಷ್ ಇತ್ತು. ಅಲ್ಲಿ ಪೀಸಾ ಹೋಗಿ ಬರಿಯ 'ತಿನ್ನು' ಆಯಿತು. ವಕೀಲ ತಬ್ಬಿಬ್ಬಾಗಿ ಅದೇ ಮಾತನ್ನು ಹಿಡಿದು ಮರುಪ್ರಶ್ನೆ ಹಾಕಿದ. ಅವಸರದಲ್ಲಿದ್ದ ಅನುವಾದಕಿ ಅದನ್ನು ವಾಪಸು ಖ್ಮೇರಿಗೆ ತಂದಳು: "ನಿಮ್ಮ ಯಜಮಾನರು 'ಹೋಪ್' ಅಂದಿದ್ದಕ್ಕೆ ಕರ್ಕೊಂಡು ಹೋದ್ರಾ?"

ಟೀಚರಮ್ಮ ಎದ್ದು ನಿಂತರು. ಕೊಡೆಯನ್ನು ಕಾವಲಿನವರು ಬಾಗಿಲಲ್ಲೇ ಇಸಿದುಕೊಂಡಿದ್ದರಿಂದ ಬರಿಗೈಯನ್ನೇ ಎತ್ತಿದರು. "ನನ್ ಗಂಡ ಹಾಗನ್ಲಿಲ್ಲ! ಹಾಗಂದಿದ್ರೆ ಬದುಕ್ತಿದ್ರು!"

"ಸಾಕ್ಷಿದಾರರು ಕೂತ್ಕೋಬೇಕು" ಎಂದರು ನ್ಯಾಯಾಧೀಶರು.

"ಕೂತ್ಕೋತೀನಿ, ಮೊದ್ಲು ಅದನ್ನ ಅಳಿಸಿ. ಅವರು ಸತ್ತಿದ್ದು ಈ ಮಾತಿಗಲ್ಲ. ಈ ಮಾತು ಕೊಂದವರದ್ದು. ತಾವು ಅದನ್ನ ಸತ್ತವರ ಬಾಯಿಗೆ ಹಾಕ್ತಿದ್ದೀರಿ."

ದೀಪ ಹೊತ್ತಿರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. ಪಾಪ, ಅನುವಾದಕಿ ತಾನಾಗಿಯೇ ತಪ್ಪೊಪ್ಪಿಕೊಂಡಳು. ಆ ಮಾತಿಗೆ ಇಂಗ್ಲಿಷಿನಲ್ಲಿ ಜೋಡಿಯಿಲ್ಲ, ಇದ್ದಹಾಗೆಯೇ ಬಿಡಬಹುದೇ ಎಂದು ಕೇಳಿದಳು. ನ್ಯಾಯಾಧೀಶರು ಒಪ್ಪಿದರು. ಟೀಚರಮ್ಮ ಒಪ್ಪಬೇಕಲ್ಲ! ಬೆರಳಚ್ಚಿನವರು ಹೇಗೆ ಬರೆದಿದ್ದಾರೆಂದು ಅಕ್ಷರ ಅಕ್ಷರವಾಗಿ ಓದಿಸಿದರು. ವಕೀಲನಿಗೆ ಉಚ್ಚಾರಣೆ ಹೇಳಿಕೊಟ್ಟರು. ಮೊದಲ ಸಲ "ತಮ್ಮ ನಾಲಿಗೆ ಮೇಲೇಳ್ತಾ ಇಲ್ಲ" ಎಂದು ಹೊಡೆದುಹಾಕಿ, ಎರಡನೆಯ ಸಲಕ್ಕೆ ಪಾಸು ಮಾಡಿದರು. ಆಗ ಆತ ನಿಧಾನವಾಗಿ ಕೇಳಿದ: "ನಿಮ್ಮ ಯಜಮಾನರಿಗೆ ಈ ಮಾತು ಅಪಾಯ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಬಾಯಿಗೆ ಬಂದ್ಬಿಡ್ತು." ಟೀಚರಮ್ಮ ಈ ಸಲ ಕೆಂಪು ದೀಪಕ್ಕೆ ಕಾದರು. "ನಾನೇ ಕಲಿಸಿದ್ದು."

ವಕೀಲ ತನ್ನ ಕಾಗದಗಳನ್ನು ಜೋಡಿಸಿಕೊಂಡು ಕೂತ. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ವರ್ಷ ಅವರ ವ್ಯಾಕರಣವನ್ನು ಗೇಲಿ ಮಾಡಿದ್ದ ಊರಿನ ಜನ ನನ್ನ ಅಕ್ಕಪಕ್ಕದಲ್ಲಿ ತಲೆತಗ್ಗಿಸಿ ಕೂತಿದ್ದರು.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಅವರ ಜೊತೆ ಊಟಕ್ಕೆ ಕೂರುವುದು ನಿಜಕ್ಕೂ ಕಷ್ಟ. ಒಂದು ಮಾತನ್ನು ಸಡಿಲ ಬಿಟ್ಟರೆ ಏನು ಮಹಾ ಎಂದು ನಾವು ಗೊಣಗುತ್ತೇವೆ, ಅವರು ಬಿಡುವುದಿಲ್ಲ. ಯಾರು ಕೊಂದರು, ಎಷ್ಟು ಮಂದಿ ಸತ್ತರು ಎಂಬುದನ್ನು ನ್ಯಾಯಾಲಯಗಳು ಹೇಗೋ ಕಂಡುಹಿಡಿದುಕೊಳ್ಳುತ್ತವೆ. ಆದರೆ ಹಸಿದ ಗಾಡಿಯವನೊಬ್ಬ ತನಗಿಂತ ಹಸಿದ ಮುದುಕನನ್ನು ಮರ್ಯಾದೆಯಿಂದ ಊಟಕ್ಕೆ ಕರೆದಿದ್ದ ಎಂಬುದು, ಅವನಿಗೆ ಆ ಮರ್ಯಾದೆ ಕಲಿಸಿದ ತಪ್ಪನ್ನು ಹೊತ್ತುಕೊಂಡೇ ಬದುಕಿದ ಒಬ್ಬ ಹಟಮಾರಿ ಹೆಂಗಸು ಇಲ್ಲದಿದ್ದರೆ, ಯಾರಿಗೂ ತಿಳಿಯುತ್ತಿರಲಿಲ್ಲ.