ಸಾಲ ಕೊಟ್ಟವರ ಸಭೆ

ಕೋರ್ಟಿನಿಂದ ಬಂದ ಲಕೋಟೆಯನ್ನು ಬರ್ನಿಸ್ ಬಾಗಿಲಲ್ಲೇ ಹರಿದು ಓದಿದಳು. ಡೆಲ್ಫೀನ್ ಕುಬಿಯಾಕ್ ಎಂಬಾಕೆ ದಿವಾಳಿ ಅರ್ಜಿ ಹಾಕಿದ್ದಾಳೆ. ಇನ್ನು ಯಾರೂ ಅವಳಿಗೆ ಫೋನ್ ಮಾಡಿ ಸಾಲ ಕೇಳುವಂತಿಲ್ಲ, ಅವಳ ಸಂಬಳಕ್ಕೆ ಕೈ ಹಾಕುವಂತಿಲ್ಲ. ಅಕ್ಟೋಬರ್ ಒಂಬತ್ತರ ಬೆಳಗ್ಗೆ ಹತ್ತಕ್ಕೆ ಸಾಲ ಕೊಟ್ಟವರ ಸಭೆ. ಇಷ್ಟವಿದ್ದವರು ಬಂದು ಪ್ರಶ್ನೆ ಕೇಳಬಹುದು. ಡೆಲ್ಫೀನ್ ಬರ್ನಿಸಳ ಒಡಹುಟ್ಟಿದ ತಂಗಿ. ಐದು ವರ್ಷದ ಹಿಂದೆ ಅವಳ ಹೇರ್ ಸಲೂನು ಮುಳುಗುತ್ತಿದ್ದಾಗ ಕೊಟ್ಟ ಮೂರು ಸಾವಿರದ ಇನ್ನೂರು ಡಾಲರಿನಿಂದಾಗಿ ಬರ್ನಿಸ್ ಕೂಡ ಸಾಲ ಕೊಟ್ಟವರ ಸಾಲಿಗೆ ಸೇರಿದ್ದಳು.

ಹಣ ಹೋಯಿತೆಂದು ಅವಳಿಗೆ ಬೇಸರವಾಗಲಿಲ್ಲ. ಅದು ಬರುತ್ತದೆ ಎಂದು ಅವಳು ಎಂದೂ ನಂಬಿರಲಿಲ್ಲ. ನಿಜ ಹೇಳಬೇಕೆಂದರೆ, ಕೊಟ್ಟದ್ದೇ ಆಗಾಗ ಹೇಳಿಕೊಳ್ಳಲಿಕ್ಕೆ. ಅವಳ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ: ಡೆಲ್ಫೀನಳ ಸಾಲ ನಾಲ್ಕು ತಿಂಗಳಲ್ಲಿ ಅಳಿಸಿಹೋಗುವುದಿತ್ತು.

ಬರ್ನಿಸಳ ಗಂಡ ರೇ ಸತ್ತು ಹನ್ನೊಂದು ವರ್ಷ. ಅವನು ಬಿಟ್ಟುಹೋದ ಆಸ್ತಿಯೆಂದರೆ ಆಸ್ಪತ್ರೆಯ ಬಿಲ್ಲು. ದಿವಾಳಿ ಅರ್ಜಿ ಹಾಕು ಎಂದು ಆಗಲೇ ಹತ್ತು ಜನ ಹೇಳಿದ್ದರು. ಲಗ್ರಾಂಜ್ ಬೀದಿಯ ಪೋಲಿಷ್ ಚರ್ಚಿನಲ್ಲಿ ತಲೆಯೆತ್ತಿ ಕೂರುವ ಮನೆತನದವಳು ಹಾಗೆಲ್ಲ ಮಾಡುವುದುಂಟೇ? ಶಾಲೆಯ ಅಡುಗೆಮನೆಯಲ್ಲಿ ಹಗಲು, ಬೇಕರಿಯಲ್ಲಿ ಸಂಜೆ ದುಡಿದು, ಒಂಬತ್ತು ವರ್ಷ ತಿಂಗಳು ತಪ್ಪದೆ ಕಂತು ಕಟ್ಟಿದಳು. ಕಡೆಯ ಕಂತು ಕಟ್ಟಿ ಎರಡು ವರ್ಷವಾಗಿತ್ತು. ಆದರೆ ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತಂಗಿಗಂತೂ ಹೇಳಿರಲೇ ಇಲ್ಲ. ಭಾನುವಾರದ ಊಟಕ್ಕೆ ಕೂತಾಗ "ನನ್ನ ಆಸ್ಪತ್ರೆ ಕಂತು" ಎಂದು ನಿಟ್ಟುಸಿರು ಬಿಟ್ಟರೆ ಡೆಲ್ಫೀನಳ ಮುಖ ಸಣ್ಣಗಾಗುತ್ತಿತ್ತು. ಅಂಥ ಸುಖವನ್ನು ಸಾಲ ತೀರಿತೆಂಬ ಒಂದೇ ಕಾರಣಕ್ಕೆ ಬಿಟ್ಟುಕೊಡುವಷ್ಟು ಉದಾರಿಯಲ್ಲ ನಮ್ಮ ಬರ್ನಿಸ್.

ಈ ಅರ್ಜಿಯ ಕೆಲಸಕ್ಕೆ ತಂಗಿಯನ್ನು ಕಾರಿನಲ್ಲಿ ಕರೆದುಕೊಂಡು ಹೋದವಳೂ ಅವಳೇ. ಲೈಬ್ರರಿಯ ನೆಲಮಾಳಿಗೆಯಲ್ಲಿ ಶನಿವಾರ ಶನಿವಾರ, ವಕೀಲರನ್ನು ಇಟ್ಟುಕೊಳ್ಳಲು ಕಾಸಿಲ್ಲದೆ ತಾವೇ ದಿವಾಳಿ ಅರ್ಜಿ ಹಾಕುವವರಿಗೆ ಪುಕ್ಕಟೆ ನೆರವು ಸಿಗುತ್ತಿತ್ತು. ನಿವೃತ್ತ ವಕೀಲೆ ಮಿಸೆಸ್ ಹ್ಯಾಸ್ಕೆಲ್, ಎಪ್ಪತ್ತು ದಾಟಿದ ಹೆಂಗಸು, ಡೆಲ್ಫೀನಳ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತರು.

"ಮೊದಲೇ ಹೇಳ್ಬಿಡ್ತೀನಿ, ನಾನು ನಿಮ್ಮ ವಕೀಲಳಲ್ಲ," ಎಂದರು. "ಪ್ರಶ್ನೆ ಅರ್ಥ ಮಾಡಿಸ್ತೀನಿ, ಅಷ್ಟೇ. ಉತ್ತರ ನಿಮ್ದು, ಸಹಿ ನಿಮ್ದು, ಅಲ್ಲಿ ಹೋಗಿ ಮಾತಾಡೋದೂ ನೀವೇ. ಒಂದು ಚಮಚ ಕೂಡ ಮುಚ್ಚಿಡಬೇಡಿ."

ಆಮೇಲೆ ಒಂದೊಂದಾಗಿ ಕೇಳುತ್ತಾ ಹೋದರು. ಸೋಫಾ ಎಷ್ಟು ಹಳೆಯದು? ಕೂದಲು ಒಣಗಿಸುವ ಯಂತ್ರವನ್ನು ಮನೆಯ ಮುಂದಿಟ್ಟು ಮಾರಿದರೆ ಎಷ್ಟು ಬಂದೀತು? ಕ್ರಿಸ್ಮಸ್ ತಟ್ಟೆಗಳು ಪೂರ್ತಿ ಹನ್ನೆರಡೂ ಇವೆಯೇ? ಡೆಲ್ಫೀನ್ ನಡುವೆ ಅತ್ತಾಗ ತಮ್ಮ ಡೋನಟ್ ಮುರಿದು ಅರ್ಧ ಕೊಟ್ಟರು. ಕೋರ್ಟಿನ ಶುಲ್ಕ ಮಾಫಿಗೂ ಇನ್ನೊಂದು ಕಾಗದ ತೆಗೆದರು. ಗೋಡೆಯ ಪಕ್ಕ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಬರ್ನಿಸಳಿಗೆ ಅದನ್ನು ನೋಡಲಾಗಲಿಲ್ಲ. ಒಂಬತ್ತು ವರ್ಷದಲ್ಲಿ ಒಬ್ಬರೂ, ಒಬ್ಬರೇ ಒಬ್ಬರೂ, ಪೆನ್ನು ಹಿಡಿದು ಅವಳ ಪಕ್ಕ ಕೂತಿರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರು ತನ್ನ ಕೈಗೆ, ಮೊಸರು ಇವಳ ಬಾಯಿಗೆ. ಚಿಕ್ಕಂದಿನಿಂದಲೂ ಹೀಗೆಯೇ ಆಗಿತ್ತು. ಮುಂದಿನ ಶನಿವಾರ ತಲೆನೋವೆಂದು ಹೇಳಿ ಅವಳು ಕಾರಿನಲ್ಲೇ ಕೂತಳು. ಒಳಗೆ ಉಳಿದ ಪ್ರಶ್ನೆಗಳು ನಡೆದವು. ಹೊರಬಂದ ಡೆಲ್ಫೀನಳ ಕಣ್ಣು ಕೆಂಪಾಗಿತ್ತು. ಏನಾಯಿತೆಂದು ಬರ್ನಿಸ್ ಕೇಳಲಿಲ್ಲ, ಅವಳು ಹೇಳಲಿಲ್ಲ.

ಈಗ ಲಕೋಟೆ ಹಿಡಿದು ನಿಂತಾಗ ಬರ್ನಿಸಳಿಗೆ ಉಂಗುರ ನೆನಪಾಯಿತು. ಹಾಗೆನ್ನುವುದೂ ತಪ್ಪೇ, ಮರೆತಿದ್ದರಲ್ಲವೇ ನೆನಪಾಗುವುದು.

ಅಮ್ಮನ ವಜ್ರದ ಉಂಗುರ. ಅಜ್ಜಿ, ಅಲ್ಲಿಯ ಪೋಲಿಷ್ ಮನೆಗಳವರ ಬಾಯಲ್ಲಿ ಬುಶಾ, ಪೋಲೆಂಡಿನಿಂದ ಬರುವಾಗ ಲಂಗದ ಅಂಚಿನಲ್ಲಿ ಹೊಲಿದು ತಂದದ್ದು. ಮನೆಯಲ್ಲಿ ಅದು ಹಿರಿಯ ಮಗಳಿಗೆಂದೇ ಮಾತಿತ್ತು. ಎಂಟು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯಲ್ಲಿದ್ದಾಗ, ಕೊನೆಯ ವಾರ, ಬರ್ನಿಸ್ ಎರಡು ಲೋಟ ಕಾಫಿ ಹಿಡಿದು ಬಾಗಿಲಿಗೆ ಬಂದಳು. ಅಮ್ಮ ಬೆರಳಿನಿಂದ ಉಂಗುರ ಎಳೆದು ಡೆಲ್ಫೀನಳ ಅಂಗೈಯಲ್ಲಿಟ್ಟು ಅವಳ ಮುಷ್ಟಿ ಮುಚ್ಚುತ್ತಿದ್ದಳು. ಬರ್ನಿಸ್ ಒಳಗೆ ಹೋಗಲಿಲ್ಲ. ಎರಡೂ ಕಾಫಿಯನ್ನು ತೊಟ್ಟಿಗೆ ಚೆಲ್ಲಿ, ಕಾರು ನಿಲ್ಲಿಸಿದ ಕಡೆಗೆ ನಡೆದುಬಿಟ್ಟಳು. ಆ ಮೇಲೆ ಉಂಗುರದ ಮಾತನ್ನು ಅವಳು ಎತ್ತಲಿಲ್ಲ, ಡೆಲ್ಫೀನಳೂ ಎತ್ತಲಿಲ್ಲ, ಬೆರಳಿಗೆ ಹಾಕಿಕೊಂಡೂ ಇರಲಿಲ್ಲ. ಕಳ್ಳಿ ಎಲ್ಲೋ ಬಚ್ಚಿಟ್ಟುಕೊಂಡಿದ್ದಾಳೆ ಎಂದು ಬರ್ನಿಸ್ ಅಂದುಕೊಂಡಳು. ಈಗ ಕೋರ್ಟಿನಿಂದಲೂ ಬಚ್ಚಿಟ್ಟಿರುತ್ತಾಳೆ. ಕ್ರಿಸ್ಮಸ್ ತಟ್ಟೆ ಬರೆದವಳು ವಜ್ರ ಬರೆದಿರುತ್ತಾಳೆಯೇ?

ಅಂದೇ ಅಡುಗೆಮನೆಯ ಮೇಜಿನ ಮೇಲೆ ಕಾಗದ ಬರೆದಳು. ನೋಟಿಸಿನಲ್ಲಿ ಟ್ರಸ್ಟೀ ವಿಟ್‌ಮರ್ ಎಂಬಾತನ ವಿಳಾಸವಿತ್ತು. ಅರ್ಜಿ ಹಾಕಿದವರ ಹತ್ತಿರ ಮಾರಿ ಹಂಚುವಂಥ ಸ್ವತ್ತೇನಾದರೂ ಉಂಟೇ ಎಂದು ನೋಡುವವನು ಅವನು. "ನನ್ನ ತಂಗಿಯ ಬಳಿ ನಮ್ಮ ತಾಯಿಯ ವಜ್ರದ ಉಂಗುರವಿದೆ. ನಾಲ್ಕು ಸಾವಿರ ಡಾಲರಿಗೆ ಕಡಿಮೆಯಿಲ್ಲ. 'ಇದು ನಿನಗೇ, ನಿನಗೊಬ್ಬಳಿಗೇ' ಎಂದು ಹೇಳಿ ತಾಯಿ ಅದನ್ನು ಅವಳಿಗೆ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕಿವಿಯಾರೆ ಕೇಳಿದ್ದೇನೆ." ಸಹಿ ಹಾಕಿ, ಹೆಸರನ್ನು ಮತ್ತೊಮ್ಮೆ ದೊಡ್ಡದಾಗಿ ಬರೆದು, ಅಂಚೆಪೆಟ್ಟಿಗೆಗೆ ಹಾಕಿ ಬಂದಳು. ಆ ದಿನ ಊಟ ಚೆನ್ನಾಗಿ ಸೇರಿತು.

ಒಂಬತ್ತನೇ ತಾರೀಕು ಡೆಲ್ಫೀನ್ ಬಸ್ಸಿನಲ್ಲಿ ಹೋಗುತ್ತೇನೆ ಎಂದಿದ್ದಳು. ಬರ್ನಿಸ್ ಅವಳಿಗೆ ತಿಳಿಯದಂತೆ ಬಂದು, ಚರ್ಚಿಗೆ ಹಾಕುವ ನೀಲಿ ಕೋಟಿನಲ್ಲಿ ಕೊನೆಯ ಸಾಲಿನಲ್ಲಿ ಕೂತಳು. ನ್ಯಾಯಾಧೀಶರಿಲ್ಲ, ಕಟಕಟೆಯಿಲ್ಲ. ಒಂದು ಮೇಜು, ಮಾತು ಹಿಡಿದಿಡುವ ಯಂತ್ರ, ಅದರ ಹಿಂದೆ ನೆಗಡಿಯಾಗಿದ್ದ ವಿಟ್‌ಮರ್. ಎದುರಿಗೆ ಕುರ್ಚಿಗಳಲ್ಲಿ ಹತ್ತು ಹನ್ನೆರಡು ಜನ. ಒಬ್ಬರ ದಿವಾಳಿಯನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತಾ ತಮ್ಮ ಸರದಿ ಕಾಯಬೇಕು. ಒಬ್ಬ ಲಾರಿ ಡ್ರೈವರನದ್ದಾಯಿತು, ಒಂದು ಗಂಡ ಹೆಂಡತಿ ಜೋಡಿಯದ್ದಾಯಿತು. ತಲಾ ನಾಲ್ಕು ನಿಮಿಷ. ಪ್ರತಿ ಸಲವೂ ವಿಟ್‌ಮರ್ "ಸಾಲ ಕೊಟ್ಟವರು ಯಾರಾದರೂ ಬಂದಿದ್ದೀರಾ" ಎಂದು ತಲೆಯೆತ್ತದೆ ಕೇಳುತ್ತಿದ್ದ. ಯಾರೂ ಬಂದಿರುತ್ತಿರಲಿಲ್ಲ. ಬ್ಯಾಂಕಿನವರಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ? ಹೆಸರು ಸಭೆ, ಬರುವವರು ಸೊನ್ನೆ.

ಡೆಲ್ಫೀನ್ ಎದ್ದು ಹೋಗಿ ಕೂತಳು. ಪಕ್ಕದಲ್ಲಿ ವಕೀಲರಿಲ್ಲ. ಗುರುತಿನ ಚೀಟಿಯನ್ನು ತಾನೇ ತೆಗೆದು ಕೊಟ್ಟಳು. ಈಗ ಅವಳು ಬೇರೆಯವರ ಸಲೂನಿನಲ್ಲಿ ದುಡಿಯುತ್ತಿದ್ದಳು; ಅರ್ಜಿ ಹಾಕುವ ಮುಂಚೆ ವಾರದ ಸಂಬಳದ ಕಾಲುಭಾಗವನ್ನು ಕ್ರೆಡಿಟ್ ಕಾರ್ಡಿನವರು ಹಿಡಿಯುತ್ತಿದ್ದರು. ಈ ನಾಲ್ಕು ನಿಮಿಷ ಕೆಟ್ಟರೆ ಅದೆಲ್ಲ ಮತ್ತೆ ಶುರು. ಬರ್ನಿಸಳಿಗೆ ಒಂದು ಕ್ಷಣ ಅಯ್ಯೋ ಎನಿಸಿತು. ಎನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

ಮಾಮೂಲು ಪ್ರಶ್ನೆಗಳು ಮುಗಿದವು. ವಿಟ್‌ಮರ್ ಮೂಗು ಒರೆಸಿಕೊಂಡು ಒಂದು ಕಾಗದ ಮೇಲೆತ್ತಿದ. ಬರ್ನಿಸ್ ತನ್ನ ಅಕ್ಷರವನ್ನು ದೂರದಿಂದಲೇ ಗುರುತಿಸಿದಳು.

"ವಜ್ರದ ಉಂಗುರ ಒಂದಿದೆ ಅಂತ ನನಗೆ ಕಾಗದ ಬಂದಿದೆ," ಎಂದ. "ಹೌದಾ?"

"ಹೌದು. ಬರೆದಿದ್ದೀನಲ್ಲ," ಎಂದಳು ಡೆಲ್ಫೀನ್.

"ಬರೆದಿದ್ದೀರಿ. ನಿಮ್ಮ ಸ್ವತ್ತಿನ ಪಟ್ಟೀಲಲ್ಲ." ಅವನು ಅರ್ಜಿಯ ಹಾಳೆ ಮಗುಚಿದ. "ಬೇರೆಯವರ ವಸ್ತು ಏನಾದರೂ ನಿಮ್ಮ ವಶದಲ್ಲಿದೆಯಾ ಅನ್ನೋ ಪ್ರಶ್ನೆಗೆ. 'ತಾಯಿಯ ಉಂಗುರ. ಒಡತಿ, ಅಕ್ಕ ಬರ್ನಿಸ್. ಅವಳಿಗೆ ಕೊಡಲು ನನ್ನ ಕೈಯಲ್ಲಿದೆ.' ಇದನ್ನ ಬಿಡಿಸಿ ಹೇಳಿ."

ಬರ್ನಿಸಳಿಗೆ ಕೂತ ಕುರ್ಚಿ ಎಲ್ಲಿದೆ ಎಂದು ತಿಳಿಯದಂತಾಯಿತು. ಡೆಲ್ಫೀನ್ ಮೇಜನ್ನು ನೋಡುತ್ತಾ ಹೇಳಿದಳು. ಅಕ್ಕನ ಆಸ್ಪತ್ರೆ ಸಾಲ ತೀರುವವರೆಗೆ ಕೊಡಬೇಡ ಎಂದು ಅಮ್ಮ ಹೇಳಿದ್ದಳು. ಕೊಟ್ಟರೆ ಅದನ್ನೂ ಮಾರಿ ಕಂತಿಗೆ ಕಟ್ಟಿಬಿಡುತ್ತಾಳೆ, ಅಷ್ಟು ಹಟದವಳು ಎಂದಿದ್ದಳು. ಸಾಲ ಇನ್ನೂ ತೀರಿಲ್ಲ, ಕಳೆದ ಭಾನುವಾರ ಕೂಡ ಅಕ್ಕ ಕಂತಿನ ಮಾತಾಡಿದಳು. ಅದಕ್ಕೇ ಕೊಟ್ಟಿಲ್ಲ. ಮಿಸೆಸ್ ಹ್ಯಾಸ್ಕೆಲ್ ಆ ಪ್ರಶ್ನೆ ಓದಿದಾಗ ಇದನ್ನೂ ಬರೆಯಬೇಕೇ ಎಂದು ಕೇಳಿದೆ, ಚಮಚವಾದರೂ ಬರೆಯಿರಿ ಎಂದರು.

"ಸಾಲ ಕೊಟ್ಟವರು ಯಾರಾದರೂ ಬಂದಿದ್ದೀರಾ," ಎಂದು ವಿಟ್‌ಮರ್ ಈ ಸಲ ತಲೆಯೆತ್ತಿ ಕೇಳಿದ.

ಎದ್ದು ಹೊರಗೆ ಹೋಗಿಬಿಡಬಹುದಿತ್ತು. ಕಾಲು ಆ ಕಡೆಗೇ ತಿರುಗಿತ್ತು ಕೂಡ. ಆದರೆ ಕಾಗದ ಅವನ ಕೈಯಲ್ಲಿತ್ತು, ಹೆಸರು ಎರಡು ಸಲ ಇತ್ತು. ಬರ್ನಿಸ್ ಎದ್ದು ನಿಂತಳು. ಡೆಲ್ಫೀನ್ ಹಿಂತಿರುಗಿ ನೋಡಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ನೆಮ್ಮದಿ, ಅಕ್ಕ ತನ್ನ ಜೊತೆಗೆ ಇರಲೆಂದು ಬಂದಿದ್ದಾಳೆಂದು. ಅದನ್ನು ಬರ್ನಿಸ್ ಸಾಯುವವರೆಗೆ ಮರೆಯುವಂತಿರಲಿಲ್ಲ.

ಮೇಜಿನ ಬಳಿ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಇದು ನಿಮ್ಮ ಕಾಗದವೇ ಎಂದರೆ ಹೌದೆಂದಳು.

"ಮೇಡಂ, ಸರಿಯಾಗಿ ಕೇಳಿಸ್ಕೊಳ್ಳಿ," ಎಂದ ವಿಟ್‌ಮರ್. "ತಾಯಿ ಇದನ್ನ ನಿಮ್ಮ ತಂಗಿಗೇ ಕೊಟ್ಟರು ಅಂತ ನೀವು ಬರೆದಿದ್ದೀರಿ. ಅದು ನಿಜ ಆದರೆ ಉಂಗುರ ಇವರದು, ನಾನು ಮಾರಬೇಕಾಗುತ್ತೆ. ಅರ್ಜೀಲಿ ಸುಳ್ಳು ಬರೆದರು ಅಂತ ಇವರ ಸಾಲಾನೂ ಮನ್ನಾ ಆಗದೇ ಹೋಗಬಹುದು. ಇವರು ಹೇಳೋದು ನಿಜ ಆದರೆ ಉಂಗುರ ನಿಮ್ಮದು. ತಾಯಿ ಏನಂದರು, ನೀವು ಕೇಳಿದ್ದು?"

ಎಂಟು ವರ್ಷ ದಿನವೂ ಕೇಳಿದ್ದ ಮಾತು. ಬೇಕರಿಯಲ್ಲಿ ಹಿಟ್ಟು ನಾದುವಾಗ ಕೇಳಿದ್ದು, ಸ್ನಾನ ಮಾಡುವಾಗ ಕೇಳಿದ್ದು, ಪ್ರಾರ್ಥನೆಯ ನಡುವೆ ಕೇಳಿದ್ದು. ಇದು ನಿನಗೇ, ನಿನಗೊಬ್ಬಳಿಗೇ. ಅಮ್ಮನ ದನಿಯೂ ಅಷ್ಟು ಸ್ಪಷ್ಟ.

"ನಾನು ಬಾಗಿಲಲ್ಲಿದ್ದೆ," ಎಂದಳು ಬರ್ನಿಸ್. "ಅಮ್ಮನ ಬಾಯಿ ಆಡಿದ್ದು ಕಾಣಿಸ್ತು. ಮಾತು ಕೇಳಿಸಲಿಲ್ಲ."

"ಹಾಗಾದರೆ ಕಾಗದದಲ್ಲಿರೋ ಮಾತು?"

"ನಾನೇ ಹಾಕಿದ್ದು."

"ನಿಮ್ಮ ಆಸ್ಪತ್ರೆ ಸಾಲ ಇನ್ನೂ ಇದೆಯಾ?"

ಅದನ್ನು ಕೇಳುವ ಅಗತ್ಯ ಅವನಿಗೇನಿತ್ತೋ. ಬರ್ನಿಸ್ ತಂಗಿಯ ಕಡೆ ನೋಡದೆ, ತೀರಿ ಎರಡು ವರ್ಷವಾಯಿತು ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ವಿಟ್‌ಮರ್ ಏನನ್ನೋ ಗುರುತು ಹಾಕಿಕೊಂಡು, ಈ ಅರ್ಜಿಯಲ್ಲಿ ತಾನು ಮಾರುವಂಥದ್ದೇನೂ ಇಲ್ಲ, ಸಭೆ ಮುಗಿಯಿತು ಎಂದು ಹೇಳಿ ಮುಂದಿನವರ ಹೆಸರು ಕರೆದ.

ಲಿಫ್ಟಿನ ಮುಂದೆ ಇಬ್ಬರೂ ನಿಂತರು. ಡೆಲ್ಫೀನ್ ಚೀಲದಿಂದ ಚಿಲ್ಲರೆ ಪರ್ಸು, ಪರ್ಸಿನಿಂದ ಟಿಶ್ಯೂ ಕಾಗದದ ಸಣ್ಣ ಗಂಟು ತೆಗೆದಳು. ಟ್ರಸ್ಟೀ ತೋರಿಸು ಎಂದರೆ ಇರಲಿ ಎಂದು ತಂದಿದ್ದಳಂತೆ.

"ತಗೋ. ಎರಡು ವರ್ಷದ ಹಿಂದೇನೇ ನಿನ್ನ ಬೆರಳಲ್ಲಿ ಇರಬೇಕಿತ್ತು. ನಿನ್ನ ಬಾಯಿಂದಲೇ ಕಳ್ಕೊಂಡೆ."

ಬರ್ನಿಸ್ ಹಾಕಿಕೊಳ್ಳಲು ನೋಡಿದಳು. ಅಡುಗೆಮನೆಯ ಕೆಲಸದಲ್ಲಿ ಗೆಣ್ಣುಗಳು ದಪ್ಪವಾಗಿದ್ದವು. ಉಂಗುರ ಮೊದಲ ಗೆಣ್ಣಿಗೇ ನಿಂತಿತು. ಉಂಗುರ ತನಗೆ ಕೊಟ್ಟ ಅಮ್ಮ ಅದನ್ನು ಕಾಯಲು ನಂಬಿದ್ದು ಮಾತ್ರ ಇವಳನ್ನೇ. ಕೇಳಬಾರದೆಂದುಕೊಂಡರೂ ಕೇಳಿದಳು.

"ಅವತ್ತು ಅಮ್ಮ ಇನ್ನೇನು ಹೇಳಿದಳು?"

"ನಿನ್ನ ವಿಷಯಾನೇ. ಬರ್ನಿ ಸರಿಯಾಗಿ ತಿನ್ನಲ್ಲ, ಬರ್ನೀನ ನೋಡ್ಕೋ, ಬರ್ನಿ ಕೋಟು ಹಳೇದಾಯ್ತು." ಡೆಲ್ಫೀನ್ ಲಿಫ್ಟಿನ ಗುಂಡಿಯನ್ನು ಮತ್ತೆ ಒತ್ತಿದಳು. "ಅರ್ಧ ಗಂಟೆ ಪಕ್ಕದಲ್ಲಿ ಕೂತಿದ್ದೆ. ನನ್ನ ಬಗ್ಗೆ ಒಂದು ಮಾತಿಲ್ಲ. ಆ ಉಂಗುರ ಕಂಡಾಗಲೆಲ್ಲ ನನಗೆ ಹೊಟ್ಟೆ ಉರೀತಿತ್ತು, ಬರ್ನಿ. ಎಂಟು ವರ್ಷ."

ಲಿಫ್ಟಿನ ಬಾಗಿಲು ತೆರೆಯಿತು. ಇಬ್ಬರೂ ಹತ್ತಿದರು. ಕಾರು ತಂದಿದ್ದೀನಿ, ಬಸ್ಸಿಗೆ ಕಾಯಬೇಡ ಎಂದು ಬರ್ನಿಸ್ ಹೇಳಿದಳು. ಬೇಡ ಎಂದಳು ಡೆಲ್ಫೀನ್. ಬರ್ನಿಸ್ ಉಂಗುರವನ್ನು ಗೆಣ್ಣಿನಿಂದ ಬಿಡಿಸಿ, ಅದೇ ಟಿಶ್ಯೂ ಕಾಗದದಲ್ಲಿ ಸುತ್ತಿ, ತಂಗಿಯ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಲು ಹೋದಳು. ಡೆಲ್ಫೀನ್ ಕೈ ಹಿಂದಕ್ಕೆ ಎಳೆದುಕೊಂಡಳು.

"ಬೇಡ," ಎಂದಳು. "ಅರ್ಜೀಲಿ ನಿನ್ನದು ಅಂತ ಬರೆದಾಗಿದೆ."