ನಾಯಿಯೊಳಗಿನ ಲೆರಾಯ್

"ನಾಯಿ ಒಳಗೆ ಬರೋ ಹಾಗಿಲ್ಲ," ಎಂದು ಬರ್ನಡೀನ್ ಶವಸಂಸ್ಕಾರದ ಮನೆಯ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿದಳು.

ಎದುರಿಗೆ ಆರಡಿ ಎತ್ತರದ ಚುಕ್ಕೆನಾಯಿಯ ವೇಷ. ತಲೆಗೆ ಕೆಂಪು ಹೆಲ್ಮೆಟ್ಟು, ಕಿವಿಯವರೆಗೂ ನಗು. ಅದರ ಪಕ್ಕದಲ್ಲಿ ಎದೆ ತುಂಬ ಪದಕ ತೂಗುಹಾಕಿಕೊಂಡ ಚೀಫ್ ಹ್ಯಾಲೊರನ್.

"ನೋಡಮ್ಮ ಬರ್ನಡೀನ್, ಊರಿನ ಮಕ್ಕಳೆಲ್ಲ ಬಂದಿದಾರೆ. ಬಸ್ಟರ್ ಇಲ್ಲ ಅಂದ್ರೆ ಅಳ್ತಾರೆ."

"ಸಾವಿಗೆ ಬಂದೋರು ಅಳ್ಬೇಕು ತಾನೇ ಚೀಫ್? ಅಳ್ಲಿ ಬಿಡಿ."

"ನಿನ್ನ ಗಂಡ ಲೆರಾಯ್ ಆತ್ಮಕ್ಕೂ ಸಮಾಧಾನ ಆಗುತ್ತೆ."

"ಅವನ ಆತ್ಮ ಹತ್ತೊಂಬತ್ತು ವರ್ಷ ಇದರೊಳಗೇ ಬೆಂದಿದೆ. ಇವತ್ತೊಂದಿನ ಜನ ಅವನ ಮುಖ ನೋಡ್ಲಿ. ನಾನು ಕೇಳೋದು ಅಷ್ಟೇ."

ಚೀಫ್ ಎಲ್ಲ ಅರ್ಥ ಮಾಡಿಕೊಂಡವನಂತೆ ತಲೆಯಾಡಿಸಿದ. ಐದು ನಿಮಿಷ ಕಳೆಯುವುದರೊಳಗೆ ಪಕ್ಕದ ಬಾಗಿಲಿನಿಂದ ನಾಯಿಯನ್ನು ಒಳಗೆ ಬಿಟ್ಟ.

ಡೆಟ್ರಾಯಿಟ್ ಪಕ್ಕದ ಬರ್ಚ್‌ವೇಲ್‌ನಲ್ಲಿ ಪೊಲೀಸರೂ ಬೆಂಕಿ ಆರಿಸುವವರೂ ಒಬ್ಬರೇ. ಸಾರ್ವಜನಿಕ ಸುರಕ್ಷಾ ಇಲಾಖೆ ಎಂದು ಅದಕ್ಕೆ ದೊಡ್ಡ ಹೆಸರು, ಹ್ಯಾಲೊರನ್ ಅದರ ಮುಖ್ಯಸ್ಥ. ಊರಿನಲ್ಲಿ ಕಳ್ಳತನ ಕಡಿಮೆ, ಬೆಂಕಿ ಇನ್ನೂ ಕಡಿಮೆ. ಹಾಗಾಗಿ ಇಲಾಖೆ ಜನರ ಜೊತೆ ಕಾಫಿ ಕುಡಿಯುತ್ತಿತ್ತು, ಸೈಕಲ್‌ಗಳಿಗೆ ನೋಂದಣಿ ಚೀಟಿ ಅಂಟಿಸುತ್ತಿತ್ತು, ದೋಸೆಯಂಥ ಪ್ಯಾನ್‌ಕೇಕ್ ಹುಯ್ದು ಬಡಿಸುತ್ತಿತ್ತು. ಪ್ರತಿಯೊಂದರ ಫೋಟೊದಲ್ಲೂ ಬಲಕ್ಕೆ ಚೀಫ್, ಎಡಕ್ಕೆ ಇಲಾಖೆಯ ಗುರುತಿನ ನಾಯಿ ಬಸ್ಟರ್.

"ಅತ್ತಿಗೆ, ಪೆಟ್ಟಿಗೆ ಹತ್ರ ಯಾರೂ ಇಲ್ಲ," ಎಂದಳು ಲೆರಾಯ್‌ನ ತಂಗಿ ಮಾರ್ಲಾ.

ನಿಜ. ಸಾಲು ನಾಯಿಯ ಮುಂದಿತ್ತು. ದಾರಿ ತಪ್ಪಿ ಪೆಟ್ಟಿಗೆಯ ಬಳಿ ಬಂದ ಹೆಂಗಸೊಬ್ಬಳು ಒಳಗೆ ಇಣುಕಿದಳು.

"ಯಾರಿವರು?"

"ಬಸ್ಟರ್ ಅಂತೆ," ಎಂದ ಅವಳ ಗಂಡ.

"ಬಸ್ಟರ್ ಅಲ್ಲಿದಾನಲ್ರೀ!" ಎಂದು ಅವಳು ಮಗುವನ್ನೆತ್ತಿಕೊಂಡು ಸಾಲಿಗೆ ಓಡಿದಳು.

*

ಬೆಂಕಿ ಆರಿಸಲು ಹೋದ ಮನೆಯೊಂದರ ಮೆಟ್ಟಿಲಿನ ಮೇಲೆ, ಹೆಪ್ಪುಗಟ್ಟಿದ ನೀರಲ್ಲಿ ಜಾರಿ ಲೆರಾಯ್‌ನ ಮಂಡಿಚಿಪ್ಪು ಒಡೆದಿತ್ತು. ಇನ್ನು ಓಡಲಾರ ಎಂದು ಗೊತ್ತಾದಾಗ ಚೀಫ್ ಆ ವೇಷವನ್ನು ಹೊರಿಸಿದ. ನಿಯಮ ಎರಡೇ. ನಾಯಿ ಮಾತಾಡಬಾರದು, ಮಕ್ಕಳೆದುರು ತಲೆ ತೆಗೆಯಬಾರದು.

ಲೆರಾಯ್ ಬೆವರಿನಲ್ಲಿ ತೊಯ್ದು ಮನೆಗೆ ಬರುತ್ತಿದ್ದ. ಬರ್ನಡೀನ್ ಗಲ್ಲದ ಕೆಳಗಿನ ಪಟ್ಟಿ ಬಿಚ್ಚಿ ತಲೆ ಎತ್ತಿ ಇಡುತ್ತಿದ್ದಳು.

ಒಂದು ಜುಲೈನ ಪ್ಯಾನ್‌ಕೇಕ್ ಊಟದಲ್ಲಿ ಹುಡುಗಿಯೊಬ್ಬಳ ಗಂಟಲಲ್ಲಿ ಮಾಂಸದ ಸಾಸೇಜು ಸಿಕ್ಕಿಕೊಂಡಿತು. ಚೀಫ್ ಮೈಕಿನಲ್ಲಿ ಸುರಕ್ಷತೆಯ ಬಗ್ಗೆ ಮಾತಾಡುತ್ತಿದ್ದ. ಲೆರಾಯ್ ನಾಯಿತಲೆ ಕಿತ್ತೆಸೆದು, ಪಂಜದ ಕೈಗಳಿಂದಲೇ ಅವಳ ಹೊಟ್ಟೆ ಅಮುಕಿ ತುಂಡನ್ನು ಹೊರಗೆ ಬೀಳಿಸಿದ. ಪತ್ರಿಕೆಯಲ್ಲಿ ಮಗುವನ್ನು ಅಪ್ಪಿಕೊಂಡ ಚೀಫನ ಫೋಟೊ ಬಂತು. ಲೆರಾಯ್‌ಗೆ ನೋಟಿಸು ಬಂತು, 'ಮಕ್ಕಳೆದುರು ತಲೆ ತೆಗೆದದ್ದು' ಅಂತ.

"ನೋಟಿಸನ್ನ ಅವನ ಮುಖದ ಮೇಲೆ ಎಸೆದು ಬರಬಾರದಿತ್ತಾ?" ಎಂದು ಬರ್ನಡೀನ್ ರೇಗಿದ್ದಳು.

"ಅವರು ಹೇಳೋದೂ ಸರಿನೇ. ಮಕ್ಕಳು ಹೆದರ್ಕೊಂಡ್ರು ಪಾಪ."

"ನಿನ್ನಂಥ ಪೆದ್ದನ್ನ ಕಟ್ಕೊಂಡೆನಲ್ಲ!" ಎಂದು ಅವಳು ಹಣೆ ಚಚ್ಚಿಕೊಂಡಿದ್ದಳು. ಪೆದ್ದ ನಕ್ಕು ಸಹಿ ಹಾಕಿದ್ದ.

*

ಚೀಫ್ ಮೈಕಿನ ಮುಂದೆ ಬಂದ. ತನ್ನ ಇಲಾಖೆ, ತನ್ನ ಇಪ್ಪತ್ತಾರು ವರ್ಷ, ತನ್ನ ಪ್ಯಾನ್‌ಕೇಕ್ ಎಲ್ಲ ಮುಗಿದ ಮೇಲೆ ಲೆರಾಯ್‌ನ ಸರದಿ ಬಂತು.

"ದುಃಖ ಬೇಡ ಮಕ್ಕಳೇ. ಬಸ್ಟರ್ ಎಲ್ಲೂ ಹೋಗಿಲ್ಲ! ನೋಡಿ, ಇಲ್ಲೇ ಇದಾನೆ!"

ನಾಯಿ ಕುಣಿಯಿತು. ಜನ ಚಪ್ಪಾಳೆ ತಟ್ಟಿದರು, ಶವದ ಎದುರಿಗೆ, ನಾಚಿಕೆಯಿಲ್ಲದೆ.

ಬರ್ನಡೀನ್ ಎದ್ದಳು. ಸೀದಾ ಹೋಗಿ ನಾಯಿಯ ಗಲ್ಲದ ಕೆಳಗೆ ಬೆರಳು ತೂರಿಸಿ, ಪಟ್ಟಿ ಬಿಚ್ಚಿ, ತಲೆ ಎತ್ತಿಬಿಟ್ಟಳು. ಒಳಗೆ ಆಫೀಸರ್ ಪ್ರೂಯಿಟ್, ನಲವತ್ತು ದಾಟಿದವನು, ಕೆಂಪೇರಿದ ಮುಖದಲ್ಲಿ ಏದುಸಿರು ಬಿಡುತ್ತಿದ್ದ. ಮಕ್ಕಳು ಕಿರುಚಿದರು.

"ತಲೆ! ತಲೆ!" ಚೀಫ್ ಓಡಿ ಬಂದ. "ಮಕ್ಕಳು ನೋಡ್ತಿದಾರೆ ಕಣಯ್ಯ, ಹಾಕ್ಕೊ!"

ಚೀಫ್ ಕೈಚಾಚಿ ಬಗ್ಗಿದ್ದೇ ತಡ, ಬರ್ನಡೀನ್ ಆ ತಲೆಯನ್ನು ಅವನಿಗೇ ತೊಡಿಸಿ ಪಟ್ಟಿ ಬಿಗಿದಳು.

"ಈಗ ತೆಗೀರಿ ನೋಡೋಣ," ಎಂದಳು. "ಮಾತೂ ಆಡ್ಬೇಡಿ. ನಿಯಮ."

ಚೀಫನ ಕೈ ಪಟ್ಟಿಯವರೆಗೆ ಹೋಯಿತು. ಎಂಬತ್ತು ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿದ್ದರು, ಅವರ ಅಪ್ಪಂದಿರ ಫೋನುಗಳು ಮೇಲೆದ್ದಿದ್ದವು. ಕೈ ಕೆಳಗಿಳಿಯಿತು.

ಪುಟ್ಟ ಹುಡುಗಿಯೊಬ್ಬಳು ಪ್ರೂಯಿಟ್‌ನ ಪಂಜ ಎಳೆದಳು. "ಅಂಕಲ್, ಯಾವಾಗ್ಲೂ ನೀವೇನಾ ಒಳಗಿದ್ದಿದ್ದು?"

"ಇಲ್ಲ ಪುಟ್ಟಾ. ಇವರು."

ಅವನು ಅವಳನ್ನೆತ್ತಿ ಪೆಟ್ಟಿಗೆಯೊಳಗೆ ತೋರಿಸಿದ. ಅವಳು ಬಹಳ ಹೊತ್ತು ನೋಡಿದಳು. "ಮೀಸೆ ಇತ್ತಾ ಇವರಿಗೆ!"

"ಇತ್ತು," ಎಂದಳು ಬರ್ನಡೀನ್. "ದಿನಾ ಬಾಚ್ಕೊಳ್ತಿದ್ದ."

ಮಿಕ್ಕ ಮಕ್ಕಳು ನೂಕಾಡುತ್ತ ಬಂದರು, ಹಿಂದೆ ಅವರ ಅಮ್ಮಂದಿರು. ಸಾಲು ತಿರುಗಿ ಪೆಟ್ಟಿಗೆಯ ಮುಂದೆ ಬೆಳೆಯಿತು. ಆ ಕಡೆ ಮೈಕಿನ ಹತ್ತಿರ, ಪದಕಗಳ ಮೇಲೆ ನಗುವ ನಾಯಿತಲೆ ಹೊತ್ತು ಚೀಫ್ ಒಬ್ಬನೇ ನಿಂತಿದ್ದ. ಏನೂ ತೋಚದೆ ಎಲ್ಲರ ಬೆನ್ನಿಗೆ ಕೈ ಬೀಸುತ್ತಿದ್ದ.